ಕಲಾದಗಿಯ ಹರಿವಾಣದಲ್ಲಿ ಎರಡು ದಿನ

ಬಸವ ಜಯಂತಿಯ ಮರುದಿನ ಬೆಳಗಿನ ಜಾವದಲ್ಲಿ ನಾವು ಕೂಡಲಸಂಗಮದಿಂದ ಹೊರಟೆವು. ಅಣ್ಣನವರು, ವೈನಿ, ನಾನು, ನನ್ನ ಪತ್ನಿ ಮತ್ತು ತಂಗಿಯ ಮಗಳು, ಒಟ್ಟು ಐದು ಜನ. ಹಿಂದಿನ ದಿನ ಐಕ್ಯಮಂಟಪದ ದರ್ಶನ ಮುಗಿಸಿ, ಕೃಷ್ಣೆ ಮತ್ತು ಮಲಪ್ರಭೆ ಕೂಡುವ ತಾಣದಲ್ಲಿ ಬಹಳ ಹೊತ್ತು ಕುಳಿತಿದ್ದೆವು. ನಾರಾಯಣಪುರ ಜಲಾಶಯದ ಹಿನ್ನೀರು ಆವರಿಸದಂತೆ ಐಕ್ಯಸ್ಥಾನವನ್ನು ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿ ರಕ್ಷಿಸಿರುವುದನ್ನು ಯಾತ್ರಿಕರೆಲ್ಲರೂ ಬಲ್ಲರು. ಆ ಮೆಟ್ಟಿಲುಗಳನ್ನು ಇಳಿದು ಮೇಲೆ ಬಂದಾಗಿನಿಂದ ಅಣ್ಣನವರು ಮಾತನಾಡಿರಲಿಲ್ಲ.

ಕಾರಣ ನಮಗೆ ತಿಳಿದಿತ್ತು. ಹಳೆಯ ಬಾಗಲಕೋಟೆಯಲ್ಲಿದ್ದ ನಮ್ಮ ಹಿರಿಯರ ಮನೆ ಆಲಮಟ್ಟಿಯ ನೀರಿಗೆ ಹೋಗಿ ಇಪ್ಪತ್ತು ವರ್ಷಗಳ ಮೇಲಾಯಿತು. 'ಮುಳುಗಡೆ' ಎಂಬ ಶಬ್ದಕ್ಕೆ ನಮ್ಮ ಭಾಗದಲ್ಲಿ ಅರ್ಥ ಹೇಳುವ ಅಗತ್ಯವಿಲ್ಲ. ಆ ಶಬ್ದ ಬಾರದೆ ಒಂದು ಮದುವೆಯ ಮಾತುಕತೆಯೂ ಮುಗಿಯುವುದಿಲ್ಲ. ಊರಿನ ಬಹುಮಂದಿ ನವನಗರ ಸೇರಿದರು. ಅಣ್ಣನವರು ಮಾತ್ರ ಧಾರವಾಡದಲ್ಲಿ ಮಗನ ಬಳಿ ಉಳಿದರು. ಆ ನೀರಿನ ದಂಡೆಗೆ ಒಮ್ಮೆಯೂ ಹೋಗಲಿಲ್ಲ. ಈಗ ಅವರಿಗೆ ಎಪ್ಪತ್ತೆಂಟು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸ್ನಾತಕೋತ್ತರ ಅಭ್ಯಾಸದಲ್ಲಿರುವ ತಂಗಿಯ ಮಗಳೇ ಅವರನ್ನು ಒಪ್ಪಿಸಿದಳು. "ಬ್ಯಾಸಗ್ಯಾಗ ನೀರ ಇಳದಿರತೈತಿ ದೊಡ್ಡ ಮಾಮಾ, ಒಮ್ಮೆ ನೋಡ್ಕೊಂಡ ಬರೂಣು. ಆದ್ರ ಸೀದಾ ಹೋಗೂದ ಬ್ಯಾಡ, ಬಾದಾಮಿ ಮ್ಯಾಲೆ ಹಾಯ್ದ ಹೋಗೂಣು" ಎಂದಳು. ಆ ಸುತ್ತುದಾರಿಯ ಉದ್ದೇಶ ನಮಗೆ ಆಮೇಲೆ ತಿಳಿಯಿತು.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆಯ ದಾರಿ ಹಿಡಿದೆವು. ಹುನಗುಂದದ ಕಡೆಯ ನೆಲದಲ್ಲಿ ಅಲ್ಲಲ್ಲಿ ಬೂದು ಮತ್ತು ಕೆಂಪುಮಿಶ್ರಿತ ಗ್ರಾನೈಟ್ ಬಂಡೆಗಳು ಕಾಣುತ್ತವೆ. ಹುಡುಗಿ ಕಾರು ನಿಲ್ಲಿಸಲು ಹೇಳಿ, ಒಂದು ಬಂಡೆಯ ಮೇಲೆ ಕೈಯಿಟ್ಟು, "ಇದು ಹರಿವಾಣದ ತಳ" ಎಂದಳು. ಈ ತಳದ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷ, ಕೆಲವೆಡೆ ಮುನ್ನೂರು ಕೋಟಿ ವರ್ಷಗಳಿಗೂ ಹಿಂದಿನವು. ಇವು ಭೂಮಿಯ ಒಡಲಿನ ಕಾವಿನಲ್ಲಿ ಬೆಂದು ಹುಟ್ಟಿದ ಶಿಲೆಗಳು. ಇವುಗಳಲ್ಲಿ ಪದರುಪದರಾಗಿ ಕೂತ ಮೆಕ್ಕಲಿನ ಗುರುತಿಲ್ಲ. ಅಲ್ಲಿಂದ ಕೆಲವೇ ಮೈಲು ಪಶ್ಚಿಮಕ್ಕೆ ಐಹೊಳೆಯ ಮೇಗುತಿ ಗುಡ್ಡ. ರವಿಕೀರ್ತಿಯ ಕ್ರಿ.ಶ. 634ರ ಶಾಸನವನ್ನು ನೋಡಲು ಹತ್ತುವ ಪ್ರವಾಸಿಗಳು ಕಾಲಕೆಳಗಿನ ಕಲ್ಲನ್ನು ನೋಡುವುದಿಲ್ಲ. ಅದು ಗ್ರಾನೈಟ್ ಅಲ್ಲ, ಮರಳುಗಲ್ಲು. ಮರಳು ಹರಿಯುವ ನೀರಿನಲ್ಲಿ ಬಂದು, ಕೂತು, ಒತ್ತಿ ಕಲ್ಲಾದದ್ದು. ತಳದ ಬಂಡೆಯ ಮೇಲೆ ಹೊರಗಿನಿಂದ ಬಂದ ಮರಳು ಇಷ್ಟು ಎತ್ತರಕ್ಕೆ ಏರಿ ಕೂರಬೇಕಾದರೆ ಅಲ್ಲಿ ಒಂದು ತಗ್ಗು ಇದ್ದಿರಲೇಬೇಕಲ್ಲವೆ?

ಅಂಥ ತಗ್ಗಿಗೆ ಭೂವಿಜ್ಞಾನಿಗಳು ನಿಕ್ಷೇಪ ದ್ರೋಣಿ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ದೊಡ್ಡ ಹರಿವಾಣ. ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬಾಗಲಕೋಟೆ, ರಾಮದುರ್ಗ, ಸವದತ್ತಿ, ಗೋಕಾಕ ಇವೆಲ್ಲ ಒಂದೇ ಹರಿವಾಣದಲ್ಲಿ ಬಡಿಸಿದ ಊರುಗಳು. ಇಂದು ಕಣ್ಣಿಗೆ ಕಾಣುವ ಭಾಗವೇ ಸುಮಾರು 8000 ಚದರ ಕಿಲೋಮೀಟರ್. ಉತ್ತರ ಮತ್ತು ಪಶ್ಚಿಮದ ಅಂಚುಗಳು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನದ ಲಾವಾರಸದ ಕೆಳಗೆ ಅಡಗಿವೆ. ಸರ್ಕಾರಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಪ್ರದೇಶವನ್ನು ಕಾಲ್ನಡೆಯಲ್ಲಿಯೂ ಕುದುರೆಯ ಮೇಲೂ ಅಲೆದು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಿಲಾಸಮೂಹಕ್ಕೆ ಕಲಾದಗಿಯ ಹೆಸರಿಟ್ಟರು. ಆಗ ಕಲಾದಗಿ ಜಿಲ್ಲೆಯ ಮುಖ್ಯಸ್ಥಳ. ಮುಂದೆ ಜಿಲ್ಲಾ ಕಚೇರಿಗಳು ವಿಜಾಪುರಕ್ಕೆ ಹೋದವು, ಊರು ಸಣ್ಣದಾಯಿತು, ಹೆಸರು ಮಾತ್ರ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಉಳಿಯಿತು.

ಪಟ್ಟದಕಲ್ಲಿನಲ್ಲಿ ಹೆಚ್ಚು ನಿಲ್ಲಲಿಲ್ಲ. ಸಂಜೆಯ ಬಿಸಿಲಿಗೆ ಬಾದಾಮಿಯಲ್ಲಿ ಇರಬೇಕೆಂದು ಹುಡುಗಿಯ ಹಟ. ಅವಳ ಹಟ ಸರಿಯಾಗಿತ್ತು. ಇಳಿಬಿಸಿಲು ಅಡ್ಡಬಿದ್ದಾಗ ಬಾದಾಮಿಯ ಕೆಂಪು ಬಂಡೆಗಳ ಮೇಲಿನ ಪದರುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಮೂರನೆಯ ಗುಹೆ ಮಂಗಳೇಶ ಕೊರೆಸಿದ್ದು, ಕ್ರಿ.ಶ. 578ರದು. ಅದರ ಹೊರಗೋಡೆಯ ಬಳಿ ಅವಳು ನಮಗೆ ಶಿಲ್ಪಗಳನ್ನು ಬಿಟ್ಟು ಕಲ್ಲನ್ನು ತೋರಿಸಿದಳು. ದಪ್ಪ ಪದರುಗಳು ನೆಲಕ್ಕೆ ಸಮನಾಗಿ ಮಲಗಿವೆ. ಆದರೆ ಒಂದೊಂದು ಪದರಿನ ಒಳಗೆ ಸಣ್ಣ ಗೆರೆಗಳು ಓರೆಯಾಗಿ ಇಳಿದಿವೆ. ಕಣದಲ್ಲಿ ಜೋಳ ತೂರಿ ರಾಶಿ ಮಾಡುವಾಗ ಕಾಳು ರಾಶಿಯ ಓರೆಯಲ್ಲಿ ಜಾರಿ ನಿಲ್ಲುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ನದಿಯ ತಳದಲ್ಲಿ ಮರಳಿನ ದಿಬ್ಬಗಳು ಮುಂದೆ ಸಾಗುವಾಗ ಅವುಗಳ ಮುಂಭಾಗದ ಓರೆಯಲ್ಲಿ ಹೀಗೆಯೇ ಮರಳು ಜಾರಿ ಕೂರುತ್ತದೆ. ಓರೆ ಯಾವ ಕಡೆಗಿದೆಯೋ ನೀರು ಆ ಕಡೆಗೆ ಹರಿಯುತ್ತಿತ್ತು ಎಂದರ್ಥ. ಆ ಕಾಲದಲ್ಲಿ ನೆಲದ ಮೇಲೆ ಹುಲ್ಲಿನ ಎಸಳೂ ಇರಲಿಲ್ಲ. ದಂಡೆಯ ಮಣ್ಣನ್ನು ಬಿಗಿಹಿಡಿಯುವ ಬೇರುಗಳಿಲ್ಲದ್ದರಿಂದ ನದಿಗಳು ಒಂದು ಪಾತ್ರದಲ್ಲಿ ನಿಲ್ಲದೆ, ಹತ್ತಾರು ಕವಲುಗಳಾಗಿ ಜಡೆ ಹೆಣೆದಂತೆ ಹರಡಿ ಹರಿಯುತ್ತಿದ್ದವು. ಬೋಳು ಗುಡ್ಡಗಳ ಮೇಲೆ ಮಳೆ ಬಿದ್ದಾಗ ಎಷ್ಟು ಮರಳು ಬಂದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಅಗಸ್ತ್ಯ ತೀರ್ಥದ ಮೇಲಿನ ಕಾಲುದಾರಿಯಲ್ಲಿ ಒಂದು ಹಾಸುಗಲ್ಲು ಬಿದ್ದಿತ್ತು. ಅದರ ಮೈತುಂಬ ಬೆರಳಗಲದ ಏಣುಗಳು, ಒಂದರ ಪಕ್ಕದಲ್ಲೊಂದು, ಹೊಳೆಯ ದಂಡೆಯ ಮರಳಿನ ಮೇಲೆ ಸಣ್ಣ ಅಲೆಗಳು ಬಿಟ್ಟುಹೋದಂತೆ. ಅಣ್ಣನವರು ಅದರ ಮುಂದೆ ನಿಂತುಬಿಟ್ಟರು.

"ಇದು ನಮ್ಮ ಅವ್ವನ ಅರಿವಿ ಒಗಿಯೂ ಕಲ್ಲ!"

ನನಗೂ ನೆನಪಾಯಿತು. ಹಿತ್ತಲಿನ ಬೇವಿನ ಮರದ ಬುಡದಲ್ಲಿ ಇಂಥದೇ ಏಣೇಣಾದ ಒಂದು ದೊಡ್ಡ ಚಪ್ಪಡಿಯಿತ್ತು. ಅಜ್ಜ ಯಾವುದೋ ಗುಡ್ಡದಿಂದ ಬಂಡಿಯಲ್ಲಿ ತರಿಸಿ ಹಾಕಿಸಿದ್ದರಂತೆ. ಅದರ ಮೇಲೆ ಬಟ್ಟೆ ತಿಕ್ಕಿದರೆ ಕೊಳೆ ಬೇಗ ಬಿಡುತ್ತದೆ ಎಂದು ಓಣಿಯ ಹೆಂಗಸರೂ ಬರುತ್ತಿದ್ದರು. ಕಲ್ಲುಕುಟಿಗರು ಉಳಿಯಿಂದ ಗೀರಿ ಮಾಡಿದ ಏಣುಗಳೆಂದೇ ನಾವು ಎಣಿಸಿದ್ದೆವು. "ಉಳಿ ಅಲ್ರೀ, ನೀರು. ಅದೂ ಮೊಣಕಾಲುದ್ದದ ಹಳ್ಳ ಸಮುದ್ರದ ನೀರು" ಎಂದಳು ಹುಡುಗಿ. ಮನೆ ಬಿಡುವಾಗ ಬಾಗಿಲು, ತೊಲೆ, ಕಂಬಗಳನ್ನು ಬಿಚ್ಚಿ ತಂದೆವು; ಆ ಕಲ್ಲನ್ನು ತರಲು ಯಾರಿಗೂ ಹೊಳೆಯಲಿಲ್ಲ. ಅಣ್ಣನವರು ಅಂದು ರಾತ್ರಿ ವಸತಿಗೃಹದಲ್ಲಿ ಅದೇ ಮಾತನ್ನು ಮೂರು ಬಾರಿ ಆಡಿದರು.

ರೊಟ್ಟಿ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತಾಗ ಅವರೇ ಒಂದು ಪ್ರಶ್ನೆ ತೆಗೆದರು. ನಿವೃತ್ತ ಗಣಿತದ ಮಾಸ್ತರರಲ್ಲವೆ, ಲೆಕ್ಕ ಕೂಡದಿದ್ದರೆ ನಿದ್ದೆ ಬಾರದು. ಕಲಾದಗಿ ಶಿಲೆಗಳ ಕೆಳಗಿನ ಗುಂಪಿನ ಒಟ್ಟು ದಪ್ಪ ಸುಮಾರು ನಾಲ್ಕು ಕಿಲೋಮೀಟರ್ ಎಂದು ಹುಡುಗಿ ದಾರಿಯಲ್ಲಿ ಹೇಳಿದ್ದಳು. ಅದರಲ್ಲಿ ಎಲ್ಲಿ ನೋಡಿದರೂ ಅಲೆಯ ಏಣು, ಒಣಗಿ ಬಿರಿದ ಕೆಸರಿನ ಗುರುತು, ಅಂದರೆ ತೆಳುನೀರಿನ ಸಾಕ್ಷಿಯೇ ಹೆಚ್ಚು. "ನಾಲ್ಕು ಕಿಲೋಮೀಟರ್ ಆಳದ ತಗ್ಗಿದ್ದರ, ತಳದಾಗ ಮೊಣಕಾಲುದ್ದ ನೀರು ಹೆಂಗ ಇರತೈತಿ? ಮೊಣಕಾಲುದ್ದ ನೀರಿದ್ದರ ನಾಲ್ಕು ಕಿಲೋಮೀಟರ್ ಮರಳು ಹೆಂಗ ಹಿಡಸತೈತಿ?" ಎಂದು ಕೇಳಿದರು.

ಹುಡುಗಿಯ ಮುಖ ಅರಳಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದ ಜೇಮ್ಸ್ ಹಾಲ್ ಎಂಬ ಭೂವಿಜ್ಞಾನಿಯನ್ನು ಕಾಡಿದ ಪ್ರಶ್ನೆಯೂ ಇದೇ ಎಂದಳು. ಉತ್ತರ ಒಂದೇ ಮಾತಿನಲ್ಲಿದೆ. ತಗ್ಗು ಮೊದಲು ಆಗಿ ಆಮೇಲೆ ತುಂಬಿದ್ದಲ್ಲ. ತುಂಬುತ್ತ ತುಂಬುತ್ತ ಇಳಿಯಿತು, ಇಳಿಯುತ್ತ ಇಳಿಯುತ್ತ ತುಂಬಿತು. ನೆಲ ಒಂದು ಗೇಣು ತಗ್ಗಿದರೆ ನದಿಗಳು ಒಂದು ಗೇಣು ಮರಳು ತಂದು ಹಾಕಿದವು. ನೀರು ಎಂದೂ ಹೆಚ್ಚು ಆಳವಾಗಲಿಲ್ಲ. ನೆಲ ಮಾತ್ರ ನಾಲ್ಕು ಕಿಲೋಮೀಟರ್ ಕೆಳಗೆ ಹೋಯಿತು.

ಹಾಗಾದರೆ ಇಳಿಸಿದವರು ಯಾರು? ಮರಳಿನ ಭಾರದಿಂದಲೇ ನೆಲ ಇಳಿಯಿತೆಂದು ಹಾಲ್ ಎಣಿಸಿದ್ದರು. ನುಲಿಯ ಹೊರಸಿನ ನಡುವೆ ಕುಳಿತರೆ ಹೊರಸು ತಗ್ಗುವುದಿಲ್ಲವೆ, ಹಾಗೆ. ಭೂಮಿಯ ಮೇಲಿನ ಗಟ್ಟಿ ಪದರು ಕೆಳಗಿನ ಬಿಸಿಯಾದ, ಹೆಚ್ಚು ಸಾಂದ್ರವಾದ ಪದರಿನ ಮೇಲೆ ತೇಲುತ್ತಿದೆ. ಭಾರ ಬಿದ್ದರೆ ಅದು ನಿಜವಾಗಿಯೂ ಇಳಿಯುತ್ತದೆ. ನೂರು ಮೀಟರ್ ಆಳದ ನೀರಿನ ಮಡುವನ್ನು ಮೆಕ್ಕಲು ಪೂರ್ತಿ ತುಂಬುವ ಹೊತ್ತಿಗೆ ತಳ ತಗ್ಗಿ ತಗ್ಗಿ ಆ ಮೆಕ್ಕಲಿನ ದಪ್ಪ ಇನ್ನೂರೈವತ್ತು ಮೀಟರಿನ ಸುಮಾರಿಗೆ ಬರುತ್ತದೆ. ಆದರೆ ಅಲ್ಲಿಗೆ ಲೆಕ್ಕ ನಿಲ್ಲುತ್ತದೆ. ಮರಳು ಕೆಳಗಿನ ಪದರಿಗಿಂತ ಹಗುರ. ತನ್ನ ಭಾರವೊಂದರಿಂದಲೇ ಅದು ಮೊಣಕಾಲುದ್ದದ ನೀರನ್ನು ನಾಲ್ಕು ಕಿಲೋಮೀಟರಿನ ತಗ್ಗಾಗಿ ಮಾಡಲಾರದು. ಮೊದಲ ಕೈ ಬೇರೆಯದೇ ಇರಬೇಕು.

ಆ ಕೈ ಯಾವುದೆಂಬುದು ಸ್ಪಷ್ಟವಾದದ್ದು ನಮ್ಮ ಕಾಲದಲ್ಲಿಯೇ. ಹೋಳಿಗೆಯ ಕಣಕವನ್ನು ಎರಡೂ ಕಡೆಯಿಂದ ಎಳೆದರೆ ನಡುವೆ ತೆಳುವಾಗಿ ಜೋಲುತ್ತದೆ. ಭೂಫಲಕಗಳ ಚಲನೆಯಿಂದ ನೆಲ ಹಿಗ್ಗಿದಾಗಲೂ ಹಾಗೆಯೇ. ಮೇಲ್ಭಾಗ ಬಿರಿದು, ಬಿರುಕುಗಳ ನಡುವಿನ ತುಂಡುಗಳು ಕುಸಿಯುತ್ತವೆ. ಕೆಳಗಿನ ಕಾವು ಮೇಲೆ ಬರುತ್ತದೆ. ಎಳೆತ ನಿಂತ ಮೇಲೂ ಇಳಿತ ನಿಲ್ಲುವುದಿಲ್ಲ. ಮೇಲೆ ಬಂದ ಕಾವು ಆರತೊಡಗುತ್ತದೆ. ಆರಿದ್ದು ಕುಗ್ಗಿ ಸಾಂದ್ರವಾಗುತ್ತದೆ, ಸಾಂದ್ರವಾದದ್ದು ಮತ್ತಷ್ಟು ತಗ್ಗುತ್ತದೆ. ಕೇಂಬ್ರಿಜ್‌ನ ಡ್ಯಾನ್ ಮೆಕೆಂಜಿ 1978ರಲ್ಲಿ ಈ ಎರಡು ಹಂತಗಳನ್ನು ಲೆಕ್ಕಕ್ಕೆ ಇಳಿಸಿದರು. ಮೊದಲನೆಯದು ಬೇಗ ಮುಗಿಯುತ್ತದೆ. ಎರಡನೆಯದು ಆರೇಳು ಕೋಟಿ ವರ್ಷಗಳಲ್ಲಿ ಕ್ಷೀಣಿಸುತ್ತ, ಆಮೇಲೂ ಬಹುಕಾಲ ಎಳೆಯುತ್ತದೆ. ಎಲ್ಲ ಹರಿವಾಣಗಳೂ ಹೀಗೆ ಎಳೆತದಿಂದ ಆದವಲ್ಲ. ಗಂಗಾ ಬಯಲು ಆದದ್ದು ಬಾಗಿ. ಹಿಮಾಲಯದ ಭಾರಕ್ಕೆ ನಮ್ಮ ಭೂಫಲಕದ ಉತ್ತರದ ಅಂಚು ಬಾಗಿತು. ಆ ಬಾಗಿನಲ್ಲಿ ಅದೇ ಹಿಮಾಲಯದ ಮಣ್ಣು ಕಿಲೋಮೀಟರುಗಟ್ಟಲೆ ತುಂಬಿತು. ನಮ್ಮ ಕಲಾದಗಿಯದು ಖಂಡದ ನಡುವೆ ನೆಲ ಹಿಗ್ಗಿ ಆದ ತಗ್ಗೆಂಬುದು ಹಲವು ವಿದ್ವಾಂಸರ ಮತ.

ಅಣ್ಣನವರು ಕೈತೊಳೆದು ಬಂದು, ಪಟ್ಟಿಯ ಹಾಳೆಯ ಮೇಲೆ ಸಾಂದ್ರತೆಗಳ ಲೆಕ್ಕವನ್ನು ತಾವೇ ಮತ್ತೊಮ್ಮೆ ಮಾಡಿದರು. "ಕೂಡತೈತಿ" ಎಂದು ಮಲಗಿದರು.

ಮರುದಿನ ಕೆರೂರಿನ ಮೇಲೆ ಹಾಯ್ದು ಮೊದಲು ಲೋಕಾಪುರದ ಕಡೆ ಹೋದೆವು. ಹೆದ್ದಾರಿಯಲ್ಲಿ ಹೇಳುವಂಥದೇನೂ ಇಲ್ಲ. ಬಿಸಿಲು ಮತ್ತು ಲಾರಿಗಳು. ಲೋಕಾಪುರದ ಸುತ್ತ ಸುಣ್ಣದಂಶದ ಡಾಲಮೈಟ್ ಶಿಲೆಗಳಿವೆ. ಒಂದು ಹೊಲದ ಬದುವಿನಲ್ಲಿ ಹುಡುಗಿ ತೋರಿಸಿದ ಕಲ್ಲಿನಲ್ಲಿ ಎಲೆಕೋಸನ್ನು ಅಡ್ಡ ಕೊಯ್ದಂತೆ ಬಾಗಿದ ಗೆರೆಗಳು ಒಂದರೊಳಗೊಂದು ಕೂತಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಪಾಚಿಯ ಹಾಗೆ ಹಾಸಾಗಿ ಬೆಳೆದು, ಮೇಲೆ ಕೂತ ಸುಣ್ಣದ ಕೆಸರನ್ನು ಹಿಡಿದು, ಅದರ ಮೇಲೆ ಮತ್ತೆ ಬೆಳೆದು ಕಟ್ಟಿದ ಮನೆಗಳಂತೆ ಅವು. ಬಿಸಿಲು ಮುಟ್ಟುವ ತೆಳುನೀರಿನಲ್ಲಿ ಮಾತ್ರ ಅವು ಬೆಳೆಯಬಲ್ಲವು. ನಿನ್ನೆಯ ಉತ್ತರಕ್ಕೆ ಇದು ಇನ್ನೊಂದು ಸಾಕ್ಷಿ. ಮೀನಿಲ್ಲದ, ಶಂಖವಿಲ್ಲದ, ಗಿಡವಿಲ್ಲದ ಆ ಕಾಲದಲ್ಲಿ ನಮ್ಮ ನಾಡಿನ ನಿವಾಸಿಗಳು ಇವರೇ. ಈ ಪದರುಗಳ ನಡುವೆ ನುಗ್ಗಿದ ಒಂದು ಲಾವಾಶಿಲೆಯ ವಯಸ್ಸು ಸುಮಾರು 115 ಕೋಟಿ ವರ್ಷವೆಂದು ತಿಳಿದುಬಂದಿದೆ. ನುಗ್ಗಿದ್ದಕ್ಕಿಂತ ನುಗ್ಗಿಸಿಕೊಂಡದ್ದು ಹಳೆಯದಾಗಿರಲೇಬೇಕಷ್ಟೆ.

ಬಾಗಲಕೋಟೆ ಸಮೀಪಿಸಿದಂತೆ ಕಲ್ಲಿನ ರೀತಿಯೇ ಬದಲಾಗುತ್ತದೆ. ಬಾದಾಮಿಯಲ್ಲಿ ಮಲಗಿದ್ದ ಪದರುಗಳನ್ನು ಕಂಡ ಕಣ್ಣಿಗೆ ಇಲ್ಲಿ ಅವು ಓರೆಯಾಗಿ, ಕೆಲವೆಡೆ ನೆಟ್ಟಗೆ ನಿಂತಿರುವುದು ಆಶ್ಚರ್ಯ. ಮುಚಖಂಡಿಯ ಕಡೆಯ ಬೆಣಚುಶಿಲೆಯ ಗುಡ್ಡಗಳು ಮಡಿಚಿದ ಕೌದಿಯ ಅಂಚಿನಂತೆ ಸಾಲುಗಟ್ಟಿವೆ. ಹರಿವಾಣ ತುಂಬಿದ ಮೇಲೆ ಅದರಲ್ಲಿದ್ದ ಶಿಲಾಸ್ತರಗಳು ಮಡಿಕೆ ಬಿದ್ದವು. ಎರಡೂ ಕಡೆಯ ಒತ್ತಡದಿಂದ ಎಂದು ಒಂದು ಪಕ್ಷ. ಓರೆಯಾದ ತಳದ ಮೇಲೆ ತಮ್ಮ ಭಾರಕ್ಕೆ ತಾವೇ ಜಾರಿದ್ದರಿಂದ ಎಂದು ಇನ್ನೊಂದು ಪಕ್ಷ. ಆಮೇಲೆ ಮಳೆ, ಗಾಳಿ, ನದಿಗಳು ಆ ಮಡಿಕೆಗಳ ತಲೆಯನ್ನು ಸವೆಸಿ ಸಮಮಾಡಿದವು. ಅದಾದ ಬಹುಕಾಲಕ್ಕೆ ನೆಲ ಎರಡನೆಯ ಬಾರಿ ತಗ್ಗಿತು. ಸವೆದ ಮಡಿಕೆಗಳ ಮೇಲೆ ಹೊಸ ಮರಳು ಮಟ್ಟಸವಾಗಿ ಕೂತಿತು. ಬಾದಾಮಿಯದು ಈ ಎರಡನೆಯ ಪಂಕ್ತಿ, ದಪ್ಪ ಮುನ್ನೂರು ಮೀಟರಿನಷ್ಟು ಮಾತ್ರ. ಚಾಲುಕ್ಯರ ಶಿಲ್ಪಿಗಳಿಗೆ ಮಲಗಿದ, ಮಡಿಕೆ ಬೀಳದ ಕಲ್ಲು ದೊರೆತದ್ದು ಹೀಗೆ. ಬಾಗಲಕೋಟೆಯ ಗಟ್ಟಿಯಾದ, ಓರೆಯಾದ ಬೆಣಚುಶಿಲೆಯಲ್ಲಿ ಬಾದಾಮಿಯ ಗುಹೆಗಳನ್ನು ಕೊರೆಯುವುದು ಸುಲಭವಾಗುತ್ತಿರಲಿಲ್ಲ ಎಂದು ನನಗೆ ತೋರುತ್ತದೆ.

ಮೂರು ಗಂಟೆಯ ಹೊತ್ತಿಗೆ ಹಳೆಯ ಊರಿನ ಅಂಚಿಗೆ ಬಂದೆವು. ಘಟಪ್ರಭೆಯ ಹಿನ್ನೀರು ದೂರ ಸರಿದಿತ್ತು. ನೀರು ಬಿಟ್ಟುಕೊಟ್ಟ ಬಯಲಿನಲ್ಲಿ ಕೆಸರು ಒಣಗಿ ಅಂಗೈಯಗಲದ ಹೆಂಟೆಗಳಾಗಿ ಬಿರಿದಿತ್ತು. ನಡುನಡುವೆ ಗೋಡೆಗಳ ಬುನಾದಿಯ ಸಾಲುಗಳು. ಅಣ್ಣನವರು ಬೆತ್ತ ಊರುತ್ತ ಯಾರನ್ನೂ ಕೇಳದೆ ನಡೆದರು. ಇಪ್ಪತ್ತು ವರ್ಷ ಬಾರದಿದ್ದವರ ಕಾಲಿಗೆ ದಾರಿ ಗೊತ್ತಿತ್ತು. ಒಂದು ಒಣಗಿದ ಬೇವಿನ ಬೊಡ್ಡೆಯ ಹತ್ತಿರ ನಿಂತು, "ಇಲ್ಲೇ" ಎಂದರು.

ಕಲ್ಲು ಕಾಣಲಿಲ್ಲ. ಹಿತ್ತಲು, ಬಚ್ಚಲು, ದನದ ಕೊಟ್ಟಿಗೆ ಎಲ್ಲವೂ ಒಂದೇ ಮಟ್ಟದ ಹೂಳು. ಅದರ ಬಿರುಕಿನಲ್ಲಿ ಹುಡುಗಿ ಕೈಹಾಕಿ ನೋಡಿದಳು. ತೆಳುತೆಳುವಾದ ಪದರುಗಳು, ಮಳೆಗಾಲದ ಒಂದೊಂದು ಹೊಳೆಯೂ ಒಂದೊಂದು ಪದರನ್ನು ಹಾಸಿಹೋದಂತಿತ್ತು. ಹೊಸ ಹೂಳಿನ ಮೈಮೇಲೆ, ನೀರು ಕೊನೆಯದಾಗಿ ಸರಿದ ಕಡೆ, ಅದೇ ಬೆರಳಗಲದ ಏಣುಗಳು.

ಅಣ್ಣನವರು ಬಹಳ ಹೊತ್ತಿನ ಮೇಲೆ ಕೇಳಿದರು: "ಇದೂ ಕಲ್ಲ ಆಗತೈತೇನ?"

ಹುಡುಗಿ ಹೌದೆಂದು ಹೇಳಿಬಿಡಬಹುದಿತ್ತು. ಹಿರಿಯ ಜೀವಕ್ಕೆ ಅದು ಸಮಾಧಾನವಾಗುತ್ತಿತ್ತು. ಅವಳು ಹೇಳಲಿಲ್ಲ. "ಆಗೂದಿಲ್ಲ ದೊಡ್ಡ ಮಾಮಾ. ಹೂಳು ಕೂತರ ಸಾಲೂದಿಲ್ಲ, ಕೆಳಗ ನೆಲ ಇಳೀತಿರಬೇಕು. ಇಲ್ಲಿ ಈಗ ನೆಲ ಇಳಿಯಾಕತ್ತಿಲ್ಲ. ಅಣೆಕಟ್ಟು ಇರೂ ತನಕ ಈ ಹೂಳು ಇರತೈತಿ. ಅದು ಹೋದ ಮ್ಯಾಲೆ ಹೊಳಿ ಇದನ್ನೂ ಕೆರಕೊಂಡ ಹೋಗತೈತಿ" ಎಂದಳು.

ಎಲ್ಲಿಗೆ ಹೋಗುತ್ತದೆಂಬುದನ್ನೂ ಹೇಳಿದಳು. ಘಟಪ್ರಭೆ, ಮಲಪ್ರಭೆಗಳ ಮಣ್ಣು ಕೃಷ್ಣೆಯನ್ನು ಸೇರಿ ಆಂಧ್ರದ ಕರಾವಳಿಗೆ ಹೋಗಬೇಕು. ಸುಮಾರು ಹದಿಮೂರು ಕೋಟಿ ವರ್ಷಗಳ ಹಿಂದೆ ಭಾರತವು ಅಂಟಾರ್ಕ್ಟಿಕಾದಿಂದ ಬೇರ್ಪಡುವಾಗ ಅಲ್ಲಿ ನೆಲ ಬಿರಿದು ತಗ್ಗಾಯಿತು. ಅದೇ ಕೃಷ್ಣಾ-ಗೋದಾವರಿ ದ್ರೋಣಿ. ಅದರ ಪದರುಗಳಿಂದಲೇ ಇಂದು ಅನಿಲ ಮತ್ತು ತೈಲ ತೆಗೆಯುತ್ತಿದ್ದಾರೆ. ನಮ್ಮ ಹಳೆಯ ಹರಿವಾಣ ಸವೆದು ಆ ಹೊಸ ಹರಿವಾಣಕ್ಕೆ ಬಡಿಸುತ್ತ ಬಂದಿದೆ. ಈಗ ಆ ಪಂಕ್ತಿಗೂ ಕೊರತೆ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ಮಣ್ಣು ನಿಂತುಬಿಡುವುದರಿಂದ ಸಮುದ್ರ ಮುಟ್ಟುವುದು ಹಿಂದಿನದರ ಒಂದು ಸಣ್ಣ ಪಾಲು. ಅಲ್ಲಿ ನೆಲ ತಗ್ಗುತ್ತಲೇ ಇದೆ, ತುಂಬುವುದು ಕಡಿಮೆಯಾಗಿದೆ; ಕೃಷ್ಣೆಯ ಮುಖದ ದಂಡೆಗಳನ್ನು ಹಲವೆಡೆ ಸಮುದ್ರ ತಿನ್ನುತ್ತಿದೆ. ನಮ್ಮ ಮುಳುಗಡೆ ಇಲ್ಲಿಗೇ ಮುಗಿಯಿತೆಂದು ನಾನು ತಿಳಿದಿದ್ದೆ. ಐನೂರು ಮೈಲು ಆಚೆ ಯಾವುದೋ ಮೀನುಗಾರರ ಊರಿನವರೂ ಅದರ ಪಾಲು ಉಣ್ಣುತ್ತಿದ್ದಾರೆಂದು ಆ ದಿನ ತಿಳಿಯಿತು. ಇಲ್ಲಿಯೂ ಅದು ಮುಗಿದಿಲ್ಲವೆನ್ನಿ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿದಂದಿನಿಂದ ಮೇಲಿನ ಓಣಿಗಳವರೂ ಅಜ್ಜನ ಕಾಲದ ತೊಲೆಗಳನ್ನು ಎಣಿಸುತ್ತ ಕುಳಿತಿದ್ದಾರೆ.

ಅಣ್ಣನವರು ಬೊಡ್ಡೆಯಿಂದ ಆರು ಹೆಜ್ಜೆ ಅಳೆದು ಬೆತ್ತವನ್ನು ಹೂಳಿನಲ್ಲಿ ಒತ್ತಿದರು. ಮೊಣಕಾಲುದ್ದ ಇಳಿದ ಮೇಲೆ 'ಟಕ್' ಎಂದಿತು. ಹುಡುಗಿ ಅಲ್ಲಿಯೇ ಕೂತು ತೋಡಲು ಹೊರಟಳು. "ಬ್ಯಾಡವಾ, ಇರ್ಲಿ ಬಿಡು" ಎಂದರು. ಅದು ಒಗೆಯುವ ಕಲ್ಲೋ, ಬಚ್ಚಲಿನ ಹಾಸುಗಲ್ಲೋ ನಮಗಾರಿಗೂ ತಿಳಿಯಲಿಲ್ಲ. ಬೆತ್ತವನ್ನು ಎಳೆದಾಗ ಅವರ ಧೋತರದ ಅಂಚೆಲ್ಲ ಹಸಿ ಹೂಳಾಯಿತು.

ನವನಗರದ ದಾರಿಯಲ್ಲಿ ಕಾರಿನಲ್ಲಿ ವೈನಿ ಆ ಕಲೆಯನ್ನು ಉಗುರಿನಿಂದ ಕೆರೆದು ನೋಡಿ, "ಇದು ಸುಮ್ಮನ ಹೋಗೂದಿಲ್ಲ, ಕಲ್ಲಿಗೆ ಹಾಕಿ ತಿಕ್ಕಬೇಕು" ಎಂದರು.

"ಕಲ್ಲ ಎಲ್ಲೈತಿ?" ಎಂದು ಅಣ್ಣನವರು ನಕ್ಕರು.